ಉಪ್ಪಿನ ಮಡೆಪ್ಪ ಆಡಲೊಲ್ಲದ ಮಾತು

“ಮೂಗು ಬಿಡಿ ವಕೀಲರೆ. ಉಸಿರು ಕಟ್ಟಿ ನೀವೂ ಇಲ್ಲೇ ಬಿದ್ದರೆ ಪೊಲೀಸರಿಗೆ ಇನ್ನೊಂದು ಕೆಲಸ,” ಎಂದಳು ಮೇಮಸಾಬ, ಇಂಗ್ಲಿಷಿನಲ್ಲಿ.

ಭಾಲ್ಕಿಯ ವಕೀಲ ವೈಜಿನಾಥಪ್ಪ ಮೂಗು ಬಿಡಲಿಲ್ಲ. ಶಾಲಿನ ಚುಂಗನ್ನು ಇನ್ನಷ್ಟು ಒತ್ತಿ ಹಿಡಿದ. ಕೊರಳಲ್ಲಿ ಲಿಂಗ, ಹಣೆಗೆ ವಿಭೂತಿ, ಕಾಲಡಿಯಲ್ಲಿ ಮೀನಿನ ಹುರುಪೆ. ಹೆಂಡತಿ ಶಾಂತಾಬಾಯಿಗೆ ಈ ಸುದ್ದಿ ಮುಟ್ಟಿದರೆ ಹೊಸ್ತಿಲಲ್ಲೇ ನಿಲ್ಲಿಸಿ ತಲೆಯ ಮೇಲೆ ಎರಡು ಕೊಡ ನೀರು ಸುರಿಯದೆ ಒಳಗೆ ಬಿಡುವವಳಲ್ಲ. ಹೊತ್ತು ಏರುತ್ತಿತ್ತು.

ಎಂಟು ದಿನದ ಹಿಂದೆ, ಇದೇ ಬೆಳಗಿನ ಮಬ್ಬಿನಲ್ಲಿ, ಔರಾದಿನ ಅಬ್ದುಲ ಗಫೂರ ಈ ಮೀನುಪೇಟೆಯ ಗದ್ದಲದ ನಡುವೆ ಪಕ್ಕೆಗೆ ಚೂರಿ ತಿಂದು ಸತ್ತಿದ್ದ. ಚೂರಿ ಮೀನು ಮಾರುವ ಅಂಬಿಗರ ಈರಮ್ಮನದು. ಬಿದ್ದದ್ದು ಅವಳ ಕಟ್ಟೆಯ ಮುಂದೆ. ಅವಳ ಬುಟ್ಟಿಯ ಕಡೆ ಬೆರಳು ಮಾಡಿ ಅವನು ಒಂದು ಮಾತು ಆಡಿದ್ದ. ಸರ್ಕಾರಿ ಕಾಗದದಲ್ಲಿ ಆ ಮಾತು ಉರ್ದುವಿನಲ್ಲಿ ‘ವೋ ಮಛಲಿ’ ಎಂದು ಬಿದ್ದಿತ್ತು. ಮೀನು ಎಂದರೆ ಮೀನಿನ ಈರಮ್ಮ ಎಂದು ಪೊಲೀಸರು ಅರ್ಥ ಮಾಡಿದ್ದರು.

ಇವತ್ತು ಮಧ್ಯಾಹ್ನದ ಗಾಡಿಗೆ ಈರಮ್ಮನನ್ನು ಗುಲಬರ್ಗಾದ ದೊಡ್ಡ ಅದಾಲತ್ತಿಗೆ ಸಾಗಿಸುತ್ತಾರೆ. ಅಂಥ ಕಾಗದ ಹೊತ್ತು ಅಲ್ಲಿಗೆ ಹೋದ ಬಡವಿಗೆ ಸಿಗುವುದು ಹಗ್ಗವೇ. ಅವಳ ಪರವಾಗಿ ನಿಂತವನು ಇವನೊಬ್ಬ, ಉಳಿದದ್ದು ಇದೊಂದು ಬೆಳಗು.

ಬೀದರಿನ ಕೋಟೆಗೋಡೆಯ ಹೊರಗೆ, ಇಳಿಜಾರಿನಲ್ಲಿ ಆ ಪೇಟೆ. ಬಹಮನ ತಿಂಗಳು, ಡಿಸೆಂಬರಿನ ಚಳಿ. ಮಂಜ್ರಾ ಹೊಳೆಯ ಕಡೆಯಿಂದ ಬಂದ ಗಾಡಿಗಳು ಕಂದೀಲು ಆರಿಸದೆ ಸಾಲಾಗಿ ನಿಂತಿದ್ದವು. ತೋಯ್ದ ಗೋಣಿಯ ಕೆಳಗೆ ಹಾವಿನ ತಲೆಯ ಮರಲ್ ಮೀನುಗಳು ಇನ್ನೂ ಜೀವದಿಂದ ಒದ್ದಾಡುತ್ತಿದ್ದವು. ಕೊಳ್ಳುವವನು, ಮಾರುವವಳು ಇಬ್ಬರೂ ಒಂದು ವಲ್ಲಿಯ ಕೆಳಗೆ ಕೈ ತೂರಿಸಿ, ಬೆರಳು ಒತ್ತಿ ಒತ್ತಿ ದರ ಮುಗಿಸುತ್ತಿದ್ದರು. ಹೀಗಾಗಿ ಆ ಪೇಟೆಯಲ್ಲಿ ಯಾರ ಕೈ ಯಾವ ಬಟ್ಟೆಯ ಕೆಳಗೆ ಏನು ಹಿಡಿದಿದೆ ಎಂದು ಯಾರೂ ನೋಡುವುದಿಲ್ಲ. ಅದು ಅಲ್ಲಿನ ಮರ್ಯಾದೆ. ಗಫೂರನನ್ನು ಕೊಂದವನಿಗೆ ಆ ಮರ್ಯಾದೆ ಚೆನ್ನಾಗಿ ಒದಗಿತ್ತು.

ಮೇಮಸಾಬಳ ಹೆಸರು ಮಿಸ್ ಕಾಲ್ಡರ್. ಬೀದರಿನ ಗುಂಬಜ್, ಮದರಸಾ ನೋಡಲು ಸಮುದ್ರ ದಾಟಿ ಬಂದವಳು. ಬಂದ ಮರುದಿನ ಅವಳು ನೋಡಲು ಹೋದದ್ದು ಮೀನುಪೇಟೆಯನ್ನು. ಕೊಲೆಯ ದಿನ ಈರಮ್ಮನ ಕಟ್ಟೆಯಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಆದರೆ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ನಿನ್ನೆ ಸಂಜೆ ಮುಸಾಫರ ಬಂಗಲೆಯಲ್ಲಿ ಅವಳನ್ನು ಕಂಡು, ಹೈದರಾಬಾದಿಗೆ ಹೊರಡುವ ಮುನ್ನ ಇನ್ನೊಮ್ಮೆ ಬನ್ನಿ ಎಂದು ಕೈಮುಗಿದವನು ವೈಜಿನಾಥಪ್ಪ.

“ಹೆಂಗಸರು ಇಂಥ ಜಾಗ ನೋಡಲಿಕ್ಕೆ ಯಾಕೆ ಬರುತ್ತೀರಿ?” ಎಂದು ದಾರಿಯಲ್ಲಿ ಕೇಳಿದ್ದ.

“ನಮ್ಮಪ್ಪ ಬಂದರಿನಲ್ಲಿ ಮೀನು ಮಾರುತ್ತಿದ್ದ. ಯಾವ ಊರಿಗೆ ಹೋದರೂ ಬೆಳಗ್ಗೆ ಎದ್ದು ಮೀನುಪೇಟೆ ನೋಡದಿದ್ದರೆ ನನಗೆ ಊರು ನೋಡಿದ ಹಾಗೇ ಆಗುವುದಿಲ್ಲ.”

ಬಿಳಿಯರೆಂದರೆ ಹುಟ್ಟಿನಿಂದಲೇ ಸಾಹೇಬರು ಎಂದುಕೊಂಡಿದ್ದ ವಕೀಲನಿಗೆ ಇದು ದೊಡ್ಡ ಆಘಾತ. ಅವಳ ಮೇಲೆ ಸ್ವಲ್ಪ ಪ್ರೀತಿಯೂ ಹುಟ್ಟಿತು.

ಇವರಿಬ್ಬರ ಹಿಂದಿನಿಂದ ಅಮೀನಸಾಬರೂ ಬಂದಿದ್ದರು. ಪೊಲೀಸ್ ಚೌಕಿಯ ಅಮೀನ, ಹೆಸರು ಮನ್ಮಥಪ್ಪ, ಊರು ಭಾತಂಬ್ರಾ. ಹೈದರಾಬಾದ್ ಸಂಸ್ಥಾನದ ಪೊಲೀಸಿನಲ್ಲಿ ಲಿಂಗವಂತ ಅಮೀನ ಸಿಗುವುದು ಗೂಬೆಗೆ ಹಗಲು ಸಿಕ್ಕ ಹಾಗೆ ಎಂದು ಜನ ನಗುತ್ತಿದ್ದ ಕಾಲ ಅದು. ನಮ್ಮವರೇ ಅಮೀನರಿದ್ದಾರೆ, ಮಾತು ಕೇಳುತ್ತಾರೆ ಎಂದು ವೈಜಿನಾಥಪ್ಪ ಧೈರ್ಯ ಮಾಡಿಕೊಂಡಿದ್ದ. ಸತ್ತ ಗಫೂರ ಹಿಂದೆ ಔರಾದಿನಲ್ಲಿ ಏಳು ವರ್ಷ ಈ ಅಮೀನಸಾಬರ ಅರ್ದಲಿಯಾಗಿ ಮನೆಗೆಲಸಕ್ಕಿದ್ದವನು. ಮಣ್ಣಿಗೆ ಇಡುವ ಹೊತ್ತಿನಲ್ಲಿ ಅಮೀನಸಾಬರು ಕಣ್ಣು ಒರೆಸಿಕೊಂಡದ್ದನ್ನು ಊರೇ ನೋಡಿತ್ತು.

ಮೇಮಸಾಬಳಿಗೆ ಇವರ ಪರಿಚಯ ಮಾಡಿಕೊಡುವಾಗ ವೈಜಿನಾಥಪ್ಪ ‘ಇನ್ಸ್‌ಪೆಕ್ಟರ್’ ಎಂದಷ್ಟೇ ಹೇಳಿದ್ದ. ಅಮೀನಸಾಬರು ಮುಖಕ್ಕೆ ಉಣ್ಣೆಯ ಗುಲಬಂದ ಸುತ್ತಿಕೊಂಡು ತಲೆಯಾಡಿಸಿದ್ದರು.

ಈರಮ್ಮ ತನ್ನ ಕಟ್ಟೆಯ ಮೇಲೆಯೇ ಕೂತಿದ್ದಳು. ಸೊಂಟಕ್ಕೆ ಹಗ್ಗ, ಆ ಕಡೆ ಈ ಕಡೆ ಒಬ್ಬೊಬ್ಬ ಜವಾನ. ನಡೆದದ್ದು ನಡೆದ ಹಾಗೆ ತೋರಿಸಬೇಕೆಂದು ವಕೀಲ ಬೇಡಿದ್ದಕ್ಕೆ ಅವಳನ್ನು ಕರೆತಂದಿದ್ದರು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಮುಂದಿನ ಬುಟ್ಟಿಯಲ್ಲಿ ಒದ್ದಾಡುವ ಇನ್ಯಾರದೋ ಮೀನು ನೋಡುತ್ತ ಕೂತಿದ್ದಳು.

ವೈಜಿನಾಥಪ್ಪ ಮೊದಲು ಬಿಸ್ಮಿಲ್ಲಾಬೀಯನ್ನು ಕರೆದ. ಚೌಬಾರಾದ ಹತ್ತಿರ ಊಟದ ಮನೆ ನಡೆಸುವ ಹೆಂಗಸು. ದಿನಾ ಬೆಳಗ್ಗೆ ಈರಮ್ಮನ ಹತ್ತಿರವೇ ಮೀನು ಕೊಳ್ಳುವವಳು. ಗಫೂರ ಬಿದ್ದಾಗ ಅವನ ತಲೆ ಎತ್ತಿ ನೀರು ಹಾಕಿದವಳೂ ಇವಳೇ.

“ನಿನ್ನ ಹೇಳಿಕಿ, ಇಜಹಾರ ತಗೊಂಡಾರೇನು?”

“ನನ್ನಂಥಾಕಿದು ಯಾರ್ ತಗೋತಾರ್ರಿ ವಕೀಲಸಾಬ್.”

“ಅವ ಸಾಯೋವಾಗ ಏನಂದ?”

“ಆಮೀನ್ ಅಂದ್ರಿ. ದುವಾ ಮುಗದ್ ಮ್ಯಾಲ ಅಂತಾರಲ್ಲ, ಹಂಗ. ಎರಡ್ ಸಲ.”

“ಅಲ್ಲಿ ಯಾರರ ದುವಾ ಓದ್ಲತ್ತಿದ್ರೇನು?”

“ಈ ಪ್ಯಾಟ್ಯಾಗ ದುವಾ ಯಾರ್ ಓದ್ತಾರ್ರಿ. ಅದೇ ನನಗ ಎಂಟ್ ದಿನದಿಂದ ಕೊರೀಲತ್ತದ. ಸಾಯೋವ ಕಲಮಾ ಓದ್ತಾನ. ದುವಾ ಇಲ್ದೆ ಖಾಲಿ ಆಮೀನ್ ಯಾಕ ಅಂದ?” ಬಿಸ್ಮಿಲ್ಲಾಬೀ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಅಮೀನಸಾಬ್ರನ್ನ ಕೇಳ್ಯಾಮಿ ಅಂದ್ಕೊಂಡೆ, ಧೈರ್ಯ ಆಗ್ಲಿಲ್ಲ. ಪಾಪ, ಅವ್ರು ಗಡಾನೇ ಬಂದ್ರು ಅವತ್ತು. ರಗತ ಇನ್ನಾ ಕಟ್ಟಿ ಇಳಿದಿದ್ದಿಲ್ಲ, ಬಂದೇ ಬಿಟ್ರು.”

ವೈಜಿನಾಥಪ್ಪ ಅವಳ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ. ಮಿಸ್ ಕಾಲ್ಡರ್ ತಟ್ಟನೆ ಚೀಲದಿಂದ ದಿನಚರಿ ತೆಗೆದಳು.

“ನನಗೂ ಹಾಗೇ ಕೇಳಿತು. ನೋಡಿ, ಅವತ್ತೇ ಬರೆದದ್ದು. ‘ಒಬ್ಬ ಮನುಷ್ಯ ನನ್ನ ಕಣ್ಣೆದುರಿಗೆ ಸತ್ತ. ಎರಡು ಸಲ ಆಮೆನ್ ಎಂದ. ನಮ್ಮ ಮತದವನಿರಬೇಕು.’ ಆಮೇಲೆ ಅವನು ಮುಸಲ್ಮಾನನೆಂದು ಕೇಳಿ ಆಶ್ಚರ್ಯವಾಯಿತು.”

ವೈಜಿನಾಥಪ್ಪನಿಗೆ ಎದೆ ಹಗುರವಾಯಿತು. ಇಬ್ಬರು ಹೆಂಗಸರು, ಒಬ್ಬಳ ಭಾಷೆ ಇನ್ನೊಬ್ಬಳಿಗೆ ಬಾರದು, ಇಬ್ಬರಿಗೂ ಕೇಳಿದ್ದು ಒಂದೇ ಸದ್ದು. ಅದರಲ್ಲಿ ಮಛಲಿ ಎಲ್ಲಿದೆ? ಗಫೂರ ಈರಮ್ಮನ ಹೆಸರನ್ನೇ ಎತ್ತಿಲ್ಲ. ಹಾಗಾದರೆ ಕಾಗದದೊಳಗೆ ಮೀನು ಈಜಿಕೊಂಡು ಬಂದದ್ದು ಹೇಗೆ?

ಅದನ್ನು ಹೇಳಬೇಕಾದವನು ಮಡೆಪ್ಪ. ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಸಾಕ್ಷಿ ಅವನೊಬ್ಬನೇ.

ಮಡೆಪ್ಪ ಪೇಟೆಯ ಬಾಯಲ್ಲಿ ಉಪ್ಪಿನ ರಾಶಿ ಹಾಕಿಕೊಂಡು ಕೂರುವ ಲಿಂಗವಂತ. ಮೀನು ಕೆಡದಿರಲು ಉಪ್ಪು ಬೇಕು, ಉಪ್ಪು ಬೇಕೆಂದರೆ ಮಡೆಪ್ಪ ಬೇಕು. ಅದಕ್ಕೆ ಅವನು ಮಾಡಿಕೊಂಡ ಉಪಾಯವೆಂದರೆ ಇಡೀ ಪೇಟೆಗೆ ಬೆನ್ನು ಹಾಕಿ ಕೂರುವುದು. ಮೂವತ್ತು ವರ್ಷದಿಂದ ಅವನು ಮೀನುಪೇಟೆಯಲ್ಲಿದ್ದಾನೆ, ಒಂದು ಮೀನನ್ನೂ ನೋಡಿಲ್ಲ. ಬೆನ್ನ ಹಿಂದೆಯೇ ಇರುವ ಈರಮ್ಮನ ಕಟ್ಟೆಯ ಮಾತು ಮಾತ್ರ ಕಿವಿಗೆ ಬೀಳುತ್ತದೆ.

“ಮಡೆಪ್ಪಾ, ಗಫೂರ ಏನಂದ?”

“ಕಾಗದದಾಗ ಬರ್ದಾರಲ್ರಿ.”

“ಕಾಗದ ಉರ್ದುದಾಗ ಅದ. ಅವ ಅಂದಿದ್ದು ಯಾವ ಮಾತಿನ್ಯಾಗ?”

“ನಮ್ಮ ಮಾತಿನ್ಯಾಗೇ ಅಂದಾನ್ರಿ. ಕನ್ನಡದಾಗ.”

“ಹಂಗಾರ ಅವ ಅಂದಂಗೇ ಅನ್ನು ನೋಡ್ಯಾಮಿ.”

ಮಡೆಪ್ಪನ ಕೈ ಕೊರಳಿನ ಲಿಂಗದ ಕಡೆ ಹೋಯಿತು. “ಅದೊಂದ್ ಬ್ಯಾಡ್ರಿ ಯಪ್ಪಾ. ನಮ್ಮ ಮನ್ಯಾಗ ಆ ಹೆಸ್ರು ಯಾರೂ ಬಾಯಾಗ ತರಾಂಗಿಲ್ಲ. ನಮ್ಮಪ್ಪ ಅದಕ ‘ಹೊಳಿಯಾಗಿಂದು’ ಅಂತಿದ್ದ. ನಾನೂ ಹಂಗೇ ಅಂತೇನಿ.”

“ಅಮೀನಸಾಬ್ರ ಮುಂದ ಹ್ಯಾಂಗ ಹೇಳ್ದಿ ಮತ್ತ?”

“‘ಆ ಹೊಳಿಯಾಗಿಂದು’ ಅಂದಾನ್ರಿ, ಅಂತ ಹೇಳೇನಿ. ಅವ್ರೂ ನಮ್ಮವರೇ, ತಿಳೀತು ಬಿಡು ಮಡೆಪ್ಪ ಅಂತ ನಕ್ಕು ಉರ್ದುದಾಗ ಬರ್ಕೊಂಡ್ರು. ನಾ ಹೆಬ್ಬಟ್ಟ ಒತ್ತೇನಿ.”

ಒಬ್ಬ ಹೆಂಗಸನ್ನು ಗಲ್ಲಿಗೆ ಕಳಿಸುವ ಮಾತು, ಅದನ್ನು ಕೇಳಿದವನು ಇನ್ನೂ ಬಾಯಿಬಿಟ್ಟು ಆಡೇ ಇಲ್ಲ! ಆಡದ ಮಾತಿಗೆ ಅರ್ಥ ಬರೆದುಕೊಂಡು ಹೆಬ್ಬೆಟ್ಟು ಹಾಕಿಸಿಕೊಂಡಿದ್ದಾರೆ. ವೈಜಿನಾಥಪ್ಪನಿಗೆ ಸಿಟ್ಟೂ ಬಂತು, ನಗುವೂ ಬಂತು. ಈ ಮಡಿವಂತಿಕೆಗೆ ಏನೆನ್ನಬೇಕು.

“ನೋಡು ಮಡೆಪ್ಪಾ. ಆ ಹೆಣಮಗಳು ಮಧ್ಯಾನ ಹೋಗ್ತಾಳ, ಹೊಳ್ಳಿ ಬರಾಂಗಿಲ್ಲ. ಪಾಪ ಇದ್ರ ನನ್ನ ತಲಿ ಮ್ಯಾಲ ಇರ್ಲಿ. ಒಂದೇ ಸಲ ಅನ್ನು. ಅವ ಹ್ಯಾಂಗಂದ ಹಂಗೇ, ಉಸರು ಸೈತ ಹಂಗೇ.”

ಮಡೆಪ್ಪ ಬಹಳ ಹೊತ್ತು ಉಪ್ಪು ಕೆದಕಿದ. ಆಮೇಲೆ ಲಿಂಗದ ಮೇಲೆ ಅಂಗೈ ಮುಚ್ಚಿದ. ದೇವರಿಗೆ ಕೇಳಬಾರದಲ್ಲ. ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಅಂದ.

“ಆ ಮೀನ.”

“ಬಿಡಿಸಿ ಹಿಂಗೇ ಅಂದನೇನು?”

“ಇಲ್ರಿ, ಬಿಡಿಸಲಿಕ್ಕ ಉಸರೆಲ್ಲಿತ್ತು. ಕೂಡಿಸೇ ಅಂದಾನ. ಹಿಂಗ. ‘ಅಮೀನ... ಅಮೀನ...’ ಬೆಳಗಾದ್ರ ಎಲ್ಲಾರೂ ಆ ಮೀನ ಕೊಡು, ಈ ಮೀನ ಕೊಡು ಅಂತಾರಲ್ರಿ, ನಾ ಅದೇ ಅಂತ ತಿಳ್ಕೊಂಡೇನಿ.”

ವೈಜಿನಾಥಪ್ಪನ ಕೈಯಿಂದ ಶಾಲಿನ ಚುಂಗು ಜಾರಿತು. ಮೀನಿನ ವಾಸನೆ ಮೂಗಿಗೆ ಬಡಿಯಿತು, ಅವನಿಗೆ ಗೊತ್ತಾಗಲಿಲ್ಲ.

ಬಿಸ್ಮಿಲ್ಲಾಬೀಯ ಕಿವಿಗೆ ಅದು ದುವಾ. ಮೇಮಸಾಬಳ ಕಿವಿಗೆ ಅವರ ಇಗರ್ಜಿಯ ಪ್ರಾರ್ಥನೆ. ಮಡೆಪ್ಪನ ಕಿವಿಗೆ ಮೀನು. ಗಫೂರ ಮನೆಯಲ್ಲಿ ದಖನಿ ಉರ್ದು ಆಡುವವನು. ಪಕ್ಕೆಯಲ್ಲಿ ಚೂರಿ ಇಟ್ಟುಕೊಂಡವನು ನೆರೆಮನೆಯ ಭಾಷೆಯಲ್ಲಿ ಮೀನಿನ ಸುದ್ದಿ ಹೇಳುತ್ತಾನೆಯೇ? ಅವನು ತನ್ನನ್ನು ಇರಿದವನನ್ನು ಕರೆದಿದ್ದಾನೆ. ಏಳು ವರ್ಷ ಬಾಯಿತುಂಬ ಕರೆದ ಹಾಗೆಯೇ ಕರೆದಿದ್ದಾನೆ, ‘ಸಾಬ್’ ಎನ್ನಲು ಮಾತ್ರ ಉಸಿರು ಸಾಲಲಿಲ್ಲ.

ಅಮೀನ.

ಇಲ್ಲ ಇಲ್ಲ, ಇದು ನನ್ನ ಹುಚ್ಚು ತಲೆ, ಎಂದುಕೊಂಡ ವೈಜಿನಾಥಪ್ಪ. ಅಮೀನಸಾಬರು ಭಾತಂಬ್ರಾದವರು, ಪೂಜೆ ಮಾಡದೆ ನೀರು ಮುಟ್ಟದವರು. ಮೀನುಪೇಟೆಗೆ ನಸುಕಿನಲ್ಲಿ ಅವರಿಗೇನು ಕೆಲಸ? ಆದರೆ ರಕ್ತ ಕಟ್ಟೆಯಿಂದ ಇಳಿಯುವ ಮುನ್ನ ಬಂದರಲ್ಲ. ಅವರ ಮನೆಯಿಂದ ಇಲ್ಲಿಗೆ ಓಡಿ ಬಂದರೂ ಒಂದು ಎಲೆಯಡಿಕೆ ಹಾಕಿ ಉಗಿಯುವಷ್ಟು ಹೊತ್ತು ಬೇಕು.

ಹಿಂದೆ ತಿರುಗಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಮೇಮಸಾಬಳನ್ನು ಇಂಗ್ಲಿಷಿನಲ್ಲಿ ಕೇಳಿದ, ದನಿ ಏರದ ಹಾಗೆ.

“ಅವನು ಬೆರಳು ಮಾಡಿದ್ದು ಬುಟ್ಟಿಯ ಕಡೆಗೆ. ಬುಟ್ಟಿಯ ಹಿಂದೆ ಯಾರಿದ್ದರು?”

“ಜನ ಬಹಳ ಇದ್ದರು.” ಅವಳು ಹುಬ್ಬು ಗಂಟಿಕ್ಕಿದಳು. “ಒಬ್ಬನ ನೆನ‍ಪಿದೆ. ಮುಖ ಕಾಣಲಿಲ್ಲ. ನೆನಪಿರುವುದು ಯಾಕೆಂದರೆ ನನಗೆ ನಗು ಬಂದಿತ್ತು. ಮೀನುಪೇಟೆಗೆ ಬಂದು ಮೂಗು ಮುಚ್ಚಿಕೊಂಡು ನಿಂತಿದ್ದ. ನಿಮ್ಮ ಹಾಗೆ.”

ಮೀನು ತಿನ್ನುವವನು ಮೀನುಪೇಟೆಯಲ್ಲಿ ಮೂಗು ಮುಚ್ಚುವುದಿಲ್ಲ.

ವೈಜಿನಾಥಪ್ಪ ತಿರುಗಿದ. ಐದು ಹೆಜ್ಜೆ ದೂರದಲ್ಲಿ ಅಮೀನಸಾಬರು ನಿಂತಿದ್ದರು. ಗುಲಬಂದ ಮೂಗಿನ ಮೇಲಿತ್ತು. ಮೇಲಿನ ಎರಡು ಕಣ್ಣು ಇವನ ಮೇಲೆಯೇ ಇದ್ದವು. ಎಷ್ಟು ಹೊತ್ತಿನಿಂದ ಇದ್ದವೋ.

“ಯಾಕ ವೈಜಿನಾಥಪ್ಪ, ಮುಖ ಬಿಳಚಿಕೊಂಡದ?” ಎನ್ನುತ್ತ ಹತ್ತಿರ ಬಂದರು.

“ವಾಸನಿಗ್ರಿ.”

“ಹೌದಪ್ಪಾ. ನಮ್ಮಂಥವರು ಬರೋ ಜಾಗಾ ಅಲ್ಲ ಇದು.” ದನಿಯಲ್ಲಿ ಅಣ್ಣನ ಅಕ್ಕರೆ. “ಮಡೆಪ್ಪ ಏನಂದ?”

“ಮೊದ್ಲ ಹೇಳಿದ್ದೇ ಹೇಳ್ದ್ರಿ.”

“ಮತ್ತ ಈ ಮೇಮಸಾಬ?”

“ಆಕಿಗಿ ಕನ್ನಡ ಬರಾಂಗಿಲ್ಲಲ್ರಿ. ಏನ್ ಕೇಳಿದಳೋ ಏನ್ ಬಿಟ್ಟಳೋ.”

“ಪುಸ್ತಕದಾಗ ಏನೋ ತೋರಿಸ್ಲತ್ತಿದ್ದಳು.”

“ಗುಂಬಜದ ಚಿತ್ರಾ ಬರ್ದಾಳ್ರಿ.”

ಸುಳ್ಳು ಅದಾಲತ್ತಿನಲ್ಲಿ ಎಷ್ಟು ಸಲೀಸಾಗಿ ಬರುತ್ತಿತ್ತು ಇವನಿಗೆ. ಇಲ್ಲಿ ಒಂದೊಂದು ಅಕ್ಷರವನ್ನೂ ಎಣಿಸಿ ಆಡಬೇಕಾಯಿತು. ಅಮೀನಸಾಬರು ಅವನ ಹೆಗಲ ಮೇಲೆ ಕೈ ಇಟ್ಟರು. ಆ ಕೈ ಬೆಚ್ಚಗಿತ್ತು, ಭಾರವಿತ್ತು.

“ಸಂಜಿಗೆ ಭಾಲ್ಕಿಗಿ ಹೊಂಟೀರೇನು? ಹೊಳಿ ದಾಟಬೇಕು ನೋಡ್ರಿ. ಇತ್ಲಾಗ ದಾರಿ ಬರಾಬರ್ ಇಲ್ಲ. ಒಬ್ರೇ ಹೋಗಬ್ಯಾಡ್ರಿ, ನನ್ನ ಜವಾನನ್ನ ಕೊಡ್ತೇನಿ. ಶಾಂತಾಬಾಯಾರಿಗೆ ನಾ ಏನ್ ಜವಾಬ ಹೇಳ್ಲಿ ಹೆಚ್ಚಕಡಮಿ ಆದ್ರ?”

ತನ್ನ ಹೆಂಡತಿಯ ಹೆಸರು ಇವರಿಗೆ ಹೇಗೆ ಗೊತ್ತು ಎಂದು ವೈಜಿನಾಥಪ್ಪ ಕೇಳಲಿಲ್ಲ. ಹ್ಞೂಂ ಎಂದ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಬಿದ್ದುಕೊಳ್ಳಬೇಕು ಅನಿಸಿತು. ಅವನು ಹುಟ್ಟಾ ಧೈರ್ಯದವನೇನಲ್ಲ, ನಾನು ಹಾಗೆ ಹೇಳಿದರೆ ಓದುವ ನೀವೇ ನಗುತ್ತೀರಿ. ಹೊಲದ ಬಾಂದಿನ ಜಗಳ ಬಿಡಿಸಿ ಹೊಟ್ಟೆ ಹೊರೆದ ವಕೀಲ ಅವನು.

“ಏಳಿಸ್ರಿ ಆಕಿನ್ನ,” ಎಂದರು ಅಮೀನಸಾಬರು ಜವಾನರಿಗೆ. “ತೋರಿಸೋದು ನೋಡೋದು ಎಲ್ಲಾ ಆತು.”

ಹಗ್ಗ ಎಳೆದರು. ಈರಮ್ಮ ಎದ್ದಳು. ಕಾಲು ಜೋಮು ಹಿಡಿದಿತ್ತೋ ಏನೋ, ಮತ್ತೆ ಕುಸಿದಳು. ಜವಾನ ಮತ್ತೆ ಎಳೆದ. ಪೇಟೆಯ ಹೆಂಗಸರು ಚೂರಿ ಕೆಳಗಿಟ್ಟು ನೋಡತೊಡಗಿದರು. ಬಿಸ್ಮಿಲ್ಲಾಬೀ ‘ಯಾ ಅಲ್ಲಾ’ ಎಂದು ಮುಖ ತಿರುಗಿಸಿದಳು.

“ಅಮೀನಸಾಬ್ರ, ಒಂದ್ ಅರ್ಜಿ ಅದ್ರಿ.”

ಆ ದನಿ ತನ್ನದೇ ಎಂದು ವೈಜಿನಾಥಪ್ಪನಿಗೆ ತಿಳಿದದ್ದು ಎಲ್ಲರೂ ತನ್ನ ಕಡೆ ನೋಡಿದಾಗ. ಆಡಿ ಆಗಿತ್ತು, ಇನ್ನು ನುಂಗುವ ಹಾಗಿರಲಿಲ್ಲ.

“ಸತ್ತವನ ಮಾತು ಅವ ಅಂದಂಗೇ ಕಾಗದದಾಗ ಬರೀಬೇಕ್ರಿ. ಉರ್ದು ಅರ್ಥಾ ಬ್ಯಾಡ. ಬಾಯಿಂದ ಏನ್ ಸಪ್ಪಳಾ ಬಂತು, ಅದೇ ಬರೀಬೇಕು. ಮಡೆಪ್ಪಗ ಕೇಳಿದ್ದು, ಬಿಸ್ಮಿಲ್ಲಾಬೀಗಿ ಕೇಳಿದ್ದು, ಮೇಮಸಾಬ ಬರ್ಕೊಂಡಿದ್ದು. ಮೂರೂ ಒಂದರ ಕೆಳಗ ಒಂದು. ಮ್ಯಾಲಿನವರು ಓದಿ ತಾವೇ ತಿಳ್ಕೋಲಿ.”

ಅವನು ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಹೊರಿಸಬೇಕಾಗಿಯೂ ಇರಲಿಲ್ಲ. ಮಡೆಪ್ಪನ ತುಟಿಗಳು ತಮ್ಮಷ್ಟಕ್ಕೆ ತಾವೇ ಆ ಮಾತನ್ನು ಕೂಡಿಸಿ ನೋಡಿದವು, ಆಮೇಲೆ ಅವನು ಅಮೀನಸಾಬರ ಮುಖ ನೋಡಿ ಉಪ್ಪಿನ ರಾಶಿಗೆ ಅಂಟಿಕೊಂಡು ಕೂತ. ಬಿಸ್ಮಿಲ್ಲಾಬೀಯ ಕೈ ಬಾಯಿಗೆ ಹೋಯಿತು.

ಅಮೀನಸಾಬರು ಗುಲಬಂದವನ್ನು ನಿಧಾನವಾಗಿ ಕೆಳಗಿಳಿಸಿದರು. ಅವರು ನಗುತ್ತಿದ್ದರು.

“ಮೂರೇ ಯಾಕ? ನಾಕ ಬರ್ಯಾಮಿ,” ಎಂದರು. “ಎಲ್ಲಾರ್ಕಿಂತ ಹತ್ರ ಇದ್ದಾಕಿ ಈರಮ್ಮ. ಆಕಿನ್ನ ಯಾರೂ ಕೇಳೇ ಇಲ್ಲ. ನೀವೇ ಕೇಳ್ರಿ ವಕೀಲ್ರೇ, ನಿಮ್ಮ ಪಾರ್ಟಿ ಅಲ್ಲೇನು?”

ವೈಜಿನಾಥಪ್ಪನಿಗೆ ಇದು ಯಾವ ಬಲೆ ಎಂದು ತಿಳಿಯಲಿಲ್ಲ. ಅವಳು ಕೇಳಿದ್ದನ್ನು ಕೇಳಿದ ಹಾಗೆ ಹೇಳಿದರೆ ಮುಗಿಯಿತು, ಹಗ್ಗ ಅವಳ ಸೊಂಟದಿಂದ ಬಿಚ್ಚಿ ಇನ್ನೊಬ್ಬರ ಸೊಂಟಕ್ಕೆ ಹೋಗುತ್ತದೆ. ಆಸೆಗೆ ಅವನ ಕಣ್ಣಲ್ಲಿ ನೀರು ಬಂತು.

“ಈರಮ್ಮಾ, ಹೆದರಬ್ಯಾಡ. ಇಷ್ಟ್ ಜನಾ ಅದಾರ. ಅವ ಏನಂದ, ಹೇಳವ್ವಾ.”

ಈರಮ್ಮ ತಲೆ ಎತ್ತಿದಳು. ವಕೀಲನನ್ನು ನೋಡಿದಳು. ಅಮೀನಸಾಬರನ್ನು ನೋಡಿದಳು. ಆಮೇಲೆ, ಸಣ್ಣ ಮಕ್ಕಳಿಗೆ ಅಕ್ಷರ ಹೇಳಿಕೊಡುವವರ ಹಾಗೆ, ಬಿಡಿಸಿ ಬಿಡಿಸಿ ಅಂದಳು.

“ಆ. ಮೀನ. ಅಂದಾನ್ರಿ. ನನ್ನ ಬುಟ್ಟಿಯಾಗಿನ ಮೀನ ತೋರಿಸಿ ಅಂದಾನ.”

ಜನ ಉಸಿರು ಬಿಟ್ಟರು. ಯಾರೋ ಒಬ್ಬಳು ‘ತನ್ನ ಬಾಯಿಲೇ ಒಪ್ಪಿಕೊಂಡಳಲ್ಲ’ ಎಂದಳು. ಅಮೀನಸಾಬರು ಅವಳ ಮಾತೊಂದನ್ನೇ ಬರೆದರು, ಓದಿ ಹೇಳಿದರು, ಮಸಿ ಸವರಿ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ಗಾಡಿ ಹೂಡಲು ಹೇಳುತ್ತ ಇಳಿಜಾರಿನ ಕಡೆ ನಡೆದರು. ಅವರ ಹಿಂದೆ ಒಬ್ಬ ಜವಾನ ಓಡಿದ, ಇನ್ನೊಬ್ಬ ಹಗ್ಗದ ತುದಿ ಕಲ್ಲಿಗೆ ಸುತ್ತಿ, ಇಳಿಜಾರಿನ ಮೇಲ್ತುದಿಗೆ ಹೋಗಿ ಎಲೆಯಡಿಕೆ ಬಿಚ್ಚಿದ.

ವೈಜಿನಾಥಪ್ಪ ಮೀನಿನ ನೀರಿನಲ್ಲೇ ಮೊಣಕಾಲೂರಿ ಅವಳ ಪಕ್ಕ ಕೂತ.

“ಯಾಕವ್ವಾ? ನಿನ್ನ ಕೊರಳಿಗೆ ನೀನೇ ಉರ್ಲು ಹಾಕ್ಕೊಂಡಿ. ಅವ ಅಂದಿದ್ದು ಏನಂತ ನಿನಗ ಗೊತ್ತಿಲ್ಲೇನು?”

“ಗೊತ್ತದ್ರಿ. ನಿಮಗೂ ಈಗ ಗೊತ್ತಾತು.” ಈರಮ್ಮ ಮಸಿ ಹತ್ತಿದ ಬೆರಳನ್ನು ಸೀರೆಗೆ ಒರೆಸುತ್ತಿದ್ದಳು. ತುಟಿ ಅಲುಗಿದ್ದು ಕಾಣಲಿಲ್ಲ. “ನನಗ ಒಂದ್ ಹೆಣ್ಣ ಕೂಸ ಅದ. ಒಂಬತ್ ವರ್ಷದ್ದು. ತಾಯಿ ಇಲ್ದ ಕೂಸ ಗುಡಸಲದಾಗ ಒಂದೇ ಯಾಕ ಇರ್ಬೇಕು ಅಂತ ಕರ್ಕೊಂಡ ಹೋಗ್ಯಾರ್ರಿ. ಮೂರ್ ದಿನಾ ಆತು. ಅಂಗಳ ಕಸಾ ಹೊಡೀತದಂತ, ಎರಡ್ ಹೊತ್ತು ಉಣ್ತದಂತ.”

“ಯಾರ ಮನ್ಯಾಗ?”

“ಇನ್ಯಾರ ಮನ್ಯಾಗ್ರಿ. ನೀವ್ ಕೇಳೋ ಮೊದ್ಲ ನಕ್ರಲ್ಲ, ಅವರ ಮನ್ಯಾಗ.” ಅವಳು ಮೊದಲ ಸಲ ಅವನ ಮುಖವನ್ನು ನೇರ ನೋಡಿದಳು. “ನೀವ್ ಸುಮ್ನಿದ್ರ ನಾ ಒಬ್ಬಾಕಿ ಹೋಗ್ತೇನಿ ಯಪ್ಪಾ. ನೀವ್ ಬಾಯಿ ಬಿಟ್ರ ಕೂಸ ಮೊದ್ಲ ಹೋಗ್ತದ. ನಿಮ್ಮ ಕಾಲ ಬೀಳ್ತೇನಿ, ಇದನ್ನ ಇಲ್ಲಿಗೇ ಬಿಡ್ರಿ.”

ವೈಜಿನಾಥಪ್ಪ ಬಿಡುತ್ತೇನೆ ಎಂದು ತಲೆಯಾಡಿಸಿದ. ಮೊದಲು ಕೂಸು ಸಿಗಲಿ, ಆಮೇಲೆ ಗುಲಬರ್ಗಾದಲ್ಲಿ ನೋಡಿಕೊಳ್ಳೋಣ, ಇವತ್ತು ಯಾರೂ ಏನೂ ಅನ್ನಬಾರದು ಎಂದು ಲೆಕ್ಕ ಹಾಕುತ್ತ ಎದ್ದ.

ಆಗ ಮೇಮಸಾಬಳ ದನಿ ಕೇಳಿತು. ಅವಳು ದಿನಚರಿ ಬಿಚ್ಚಿ ಹಿಡಿದುಕೊಂಡು ಇಳಿಜಾರಿನ ಮೇಲ್ತುದಿಯಲ್ಲಿ, ಎಲೆಯಡಿಕೆಯ ಜವಾನನ ಹತ್ತಿರ ನಿಂತಿದ್ದಳು. ಸೀಸದ ಕಡ್ಡಿಯಿಂದ ಅಧಿಕಾರಿಯ ಕಡೆ ತೋರಿಸಿ, ಹೆಸರೇನು ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದಳು. ಕಂಡದ್ದು ಕೇಳಿದ್ದು ಎಲ್ಲ ಬರೆದುಕೊಳ್ಳುವ ಚಾಳಿ ಅವಳದು. ಜವಾನ ಬಾಯಿತುಂಬ ರಸ ತುಂಬಿಕೊಂಡೇ ಹೇಳಿದ.

“ಮಿಸ್ಟರ್ ಅಮೀನ,” ಎಂದು ಅವಳು ಗಟ್ಟಿಯಾಗಿ ಕರೆದಳು, ಇಡೀ ಪೇಟೆಗೆ ಕೇಳುವ ಹಾಗೆ, ನಗುತ್ತ. “ಮಿಸ್ಟರ್ ಅಮೀನ, ಹೊರಡುವ ಮುನ್ನ ನಾನು ಬರೆದದ್ದನ್ನು ನಿಮಗೆ...”

ಅಲ್ಲಿಗೆ ಅವಳ ನಗು ನಿಂತಿತು. ತಾನು ಕರೆದದ್ದು ತನಗೇ ಕೇಳಿತು. ಅವಳು ಪುಟದ ಕಡೆ ನೋಡಿದಳು, ತುಟಿಯಲ್ಲೇ ಇನ್ನೊಮ್ಮೆ ಆ ಸದ್ದು ಮಾಡಿದಳು, ಮತ್ತೆ ತಲೆ ಎತ್ತಿದಳು.

ಇಳಿಜಾರಿನ ಕೆಳಗೆ ಅಮೀನಸಾಬರು ಗಾಡಿಯ ಗಾಲಿಯ ಹತ್ತಿರ ನಿಂತುಬಿಟ್ಟಿದ್ದರು. ಅವರು ನೋಡುತ್ತಿದ್ದದ್ದು ಅವಳನ್ನಲ್ಲ, ಅವಳ ಬೆರಳ ಕೆಳಗಿನ ಪುಟವನ್ನು. ಹಿಂದೆ ಓಡಿ ಬಂದಿದ್ದ ಜವಾನನಿಗೆ ಏನೋ ಮೆಲ್ಲಗೆ ಹೇಳಿದರು. ಜವಾನ ಊರೊಳಗಿನ ದಾರಿ ಹಿಡಿದು, ಕೂಸಿದ್ದ ಅವರ ಮನೆಯ ಕಡೆ ಓಡತೊಡಗಿದ.

ಈರಮ್ಮ ಎರಡೂ ಕೈಯಿಂದ ವೈಜಿನಾಥಪ್ಪನ ತೋಳು ಹಿಡಿದುಕೊಂಡಳು.

“ಯಪ್ಪಾ,” ಎಂದಳು, “ಮೊದ್ಲ ಆಕಿ ಬಾಯಿ ಮುಚ್ಚಸ್ರಿ.”